ಮುಚ್ಚಿದ ಕೋಣೆಯಲ್ಲಿ ವೇಪ್: ಪಕ್ಕದಲ್ಲಿ ಮಲಗಿದವರ ಗಾಳಿ

(ಚಿಕ್ಕಬಳ್ಳಾಪುರದಲ್ಲಿ ಕಾಲೇಜು ವಿದ್ಯಾರ್ಥಿಗಳು, ಪೋಷಕರು, ಪಿಜಿ ಮತ್ತು ಹೋಂಸ್ಟೇ ನಡೆಸುವವರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ? ಕೈ ಎತ್ತಿ ನೋಡೋಣ. ಸಾಕಷ್ಟು ಜನ ಇದ್ದೀರಿ. ಶಿಡ್ಲಘಟ್ಟ, ಚಿಂತಾಮಣಿ ಕಡೆಯವರು ಬಂದಿರುವಾಗ ಇಷ್ಟು ಕೈ ಮೇಲೆ ಬರಲೇಬೇಕು. ಹಾಗಾದರೆ ಮನೆಯೊಳಗಿನ ಗಾಳಿಯ ಬಗ್ಗೆ ನಿಮಗೆ ನಾನು ಮೊದಲಿಂದ ಹೇಳಬೇಕಾಗಿಲ್ಲ.

ಹುಳುಮನೆಗೆ ಯಾರಾದರೂ ಬೀಡಿ ಸೇದುತ್ತಾ ಬರ್ತಾರಾ? ಬಂದರೆ ಮನೆಯ ಹಿರಿಯರು ಬಾಗಿಲಲ್ಲೇ ತಡೆಯುತ್ತಾರೆ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹುಳುವಿಗೆ ಸೊಪ್ಪು ಹಾಕಲು ಬಿಡುವುದಿಲ್ಲ. ಸೊಳ್ಳೆ ಬತ್ತಿ ಹಚ್ಚುವಂತಿಲ್ಲ. ಹಿಪ್ಪುನೇರಳೆ ತೋಟದ ಪಕ್ಕ ಹೊಗೆಸೊಪ್ಪು ಬೆಳೆಯಬಾರದು ಎನ್ನುವುದು ರೇಷ್ಮೆ ಕೃಷಿಯಲ್ಲಿ ಎಲ್ಲರೂ ಬಲ್ಲ ಮಾತು. ಹೊಗೆಸೊಪ್ಪನ್ನು ಇಷ್ಟು ದೂರ ಇಡುವುದಕ್ಕೆ ಕಾರಣ ಇದೆ. ರೇಷ್ಮೆ ಹುಳುವಿಗೆ ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಎಂದರೆ ವಿಷ. ಸ್ವಲ್ಪವೇ ತಾಕಿದರೂ ಮೇಯುವುದನ್ನು ಬಿಡುತ್ತದೆ, ತಲೆ ಎತ್ತಿ ನಿಂತುಬಿಡುತ್ತದೆ, ಹೊಟ್ಟೆಯಲ್ಲಿದ್ದದ್ದನ್ನು ಕಕ್ಕುತ್ತದೆ. ನಿಕೋಟಿನ್ನನ್ನು ಹೊಲಕ್ಕೆ ಕೀಟನಾಶಕವಾಗಿ ಹೊಡೆಯುತ್ತಿದ್ದ ಕಾಲವೂ ಇತ್ತು.

ಮನುಷ್ಯನ ಮೈ ಹುಳುವಿನಷ್ಟು ಸೂಕ್ಷ್ಮ ಅಲ್ಲ, ನಿಜ. ಹುಳು ಸಾಯುವಷ್ಟು ನಿಕೋಟಿನ್ನಿಗೆ ನಾವು ಸಾಯುವುದಿಲ್ಲ. ಆ ಭಯ ಹುಟ್ಟಿಸಲು ನಾನು ಬಂದಿಲ್ಲ. ನನ್ನ ಮಾತು ಇಷ್ಟೇ: ಒಂದು ಮುಚ್ಚಿದ ಮನೆಯೊಳಗೆ ಏನನ್ನು ಬಿಡಬಹುದು, ಏನನ್ನು ಬಿಡಬಾರದು ಎಂದು ಲೆಕ್ಕ ಹಾಕುವ ಅಭ್ಯಾಸ ಈ ಜಿಲ್ಲೆಯ ಜನಕ್ಕೆ ಚೆನ್ನಾಗಿ ಇದೆ. ಅದೇ ಲೆಕ್ಕವನ್ನು ನಮ್ಮ ಮಕ್ಕಳು ಮಲಗುವ ಕೋಣೆಗೂ ಹಾಕಬೇಕು. ಯಾಕೆಂದರೆ ಆ ಕೋಣೆಗಳಿಗೆ ಈಗ ವೇಪ್ ಬಂದಿದೆ.

ಹಿರಿಯರಿಗಾಗಿ ಮೊದಲು ವಸ್ತು ಏನು ಅಂತ ಹೇಳಿಬಿಡುತ್ತೇನೆ. ಎಲೆಕ್ಟ್ರಾನಿಕ್ ಸಿಗರೇಟು, ಇ-ಸಿಗರೇಟು, ವೇಪ್, ಪಾಡ್ ಎಲ್ಲವೂ ಒಂದೇ ಜಾತಿ. ಚೀನಾದ ಫಾರ್ಮಸಿಸ್ಟ್ ಹೋನ್ ಲಿಕ್ ಎಂಬವರು 2003ರ ಸುಮಾರಿಗೆ ಈಗಿನ ರೂಪ ಕೊಟ್ಟರು. ಒಳಗೆ ಒಂದು ಬ್ಯಾಟರಿ, ಒಂದು ಸಣ್ಣ ತಂತಿ ಸುರುಳಿ, ಅದಕ್ಕೆ ತಾಗಿದ ಹತ್ತಿ, ಆ ಹತ್ತಿ ಹೀರಿಕೊಂಡ ದ್ರವ. ಎಳೆದಾಗ ಸುರುಳಿ ಕಾಯುತ್ತದೆ. ದ್ರವ ಆವಿಯಾಗಿ, ತಣ್ಣಗಾಗುತ್ತಲೇ ಸಣ್ಣ ಸಣ್ಣ ಹನಿಗಳಾಗುತ್ತದೆ. ಅದೇ ಬಿಳಿ ಮೋಡ. ಪೆನ್ನಿನ ಆಕಾರ, ಪೆನ್ ಡ್ರೈವಿನ ಆಕಾರ, ಬಣ್ಣದ ಪೆಟ್ಟಿಗೆಯ ಆಕಾರ ಎಲ್ಲದರಲ್ಲೂ ಸಿಗುತ್ತದೆ. ಮಗನ ಟೇಬಲ್ ಮೇಲಿದ್ದರೂ ಎಷ್ಟೋ ತಂದೆ ತಾಯಿಗೆ ಗೊತ್ತಾಗುವುದಿಲ್ಲ.

ಸೇದುವ ಹುಡುಗರನ್ನು ಕೇಳಿದರೆ "ಸಾರ್, ಬರೀ ನೀರಿನ ಹಬೆ" ಅನ್ನುತ್ತಾರೆ. ಇದು ತಪ್ಪು. ಆ ದ್ರವದ ಬಹುಪಾಲು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಜೊತೆಗೆ ನಿಕೋಟಿನ್, ಜೊತೆಗೆ ಮಾವು, ಪುದೀನ, ಸ್ಟ್ರಾಬೆರಿ ಅಂತ ಫ್ಲೇವರುಗಳು. ಗ್ಲೈಕಾಲ್, ಗ್ಲಿಸರಿನ್ ಎರಡನ್ನೂ ತಿನ್ನುವ ಪದಾರ್ಥಗಳಲ್ಲಿ ಬಳಸುತ್ತಾರೆ. "ಆಹಾರದಲ್ಲಿ ಬಳಸುವುದೇ ಅಲ್ವಾ" ಎಂಬ ವಾದ ಇಲ್ಲಿಂದಲೇ ಬಂದದ್ದು. ಆದರೆ ಹೊಟ್ಟೆಗೆ ಹೋಗುವುದು ಬೇರೆ, 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾದು ಶ್ವಾಸಕೋಶಕ್ಕೆ ಹೋಗುವುದು ಬೇರೆ.

ಕಾದಾಗ ಏನಾಗುತ್ತದೆ ನೋಡಿ. ಬೋಂಡದ ಬಾಣಲೆಯಲ್ಲಿ ಎಣ್ಣೆ ಅತಿಯಾಗಿ ಕಾದರೆ ಕಣ್ಣು ಉರಿಸುವ, ಗಂಟಲು ಕಟ್ಟುವ ಘಾಟು ಏಳುತ್ತದಲ್ಲ, ಅದಕ್ಕೆ ಮುಖ್ಯ ಕಾರಣ ಅಕ್ರೋಲಿನ್ ಎಂಬ ರಾಸಾಯನಿಕ. ಎಣ್ಣೆಯಲ್ಲಿರುವ ಗ್ಲಿಸರಾಲ್ ಭಾಗ ಒಡೆದು ಅದು ಹುಟ್ಟುತ್ತದೆ. ವೇಪಿನ ಗ್ಲಿಸರಿನ್ ಕೂಡ ಅದೇ ವಸ್ತು. ಸುರುಳಿ ಜಾಸ್ತಿ ಕಾದರೆ, ಹತ್ತಿ ಒಣಗಿದ್ದರೆ, ಅದೇ ಅಕ್ರೋಲಿನ್ ಇಲ್ಲೂ ಹುಟ್ಟುತ್ತದೆ. ಜೊತೆಗೆ ಅಸಿಟಾಲ್ಡಿಹೈಡ್, ಫಾರ್ಮಾಲ್ಡಿಹೈಡ್.

ಫಾರ್ಮಾಲ್ಡಿಹೈಡ್ ಕೂಡ ನಿಮಗೆ ಹೊಸದಲ್ಲ. ಹುಳು ಬೆಳೆ ಮುಗಿದ ಮೇಲೆ ಮನೆ ಶುಚಿ ಮಾಡಲು ಫಾರ್ಮಲಿನ್ ಹೊಡೆಯುತ್ತಿದ್ದೆವಲ್ಲ, ಅದು ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್. ಈಗ ಎಷ್ಟೋ ಕಡೆ ಬ್ಲೀಚಿಂಗ್ ಪೌಡರ್, ಕ್ಲೋರಿನ್ ಡೈ ಆಕ್ಸೈಡ್ ಬಂದಿದೆ. ಆದರೆ ಹಳಬರಿಗೆ ಆ ವಾಸನೆ ಮರೆಯುವಂಥದ್ದಲ್ಲ. ಹೊಡೆದು, ಬಾಗಿಲು ಕಿಟಕಿ ಮುಚ್ಚಿ, ಆಮೇಲೆ ಎಲ್ಲವನ್ನೂ ತೆರೆದಿಟ್ಟು, ಘಾಟು ಪೂರ್ತಿ ಹೋಗುವವರೆಗೆ ಒಂದು ಚಾಕಿ ಹುಳುವನ್ನೂ, ಅಂದರೆ ಎಳೆಯ ಹುಳುವನ್ನೂ, ಒಳಗೆ ತರುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ವೇಪಿನಿಂದ ಬರುವ ಪ್ರಮಾಣ ಫಾರ್ಮಲಿನ್ ಹೊಡೆದ ಮನೆಗೆ ಹೋಲಿಸಿದರೆ ತೀರಾ ಕಡಿಮೆ. ಸಲಕರಣೆ, ದ್ರವ, ಬ್ಯಾಟರಿಯ ಶಕ್ತಿ, ಎಳೆಯುವ ರೀತಿ ಇವುಗಳ ಮೇಲೆ ಅದು ತುಂಬಾ ಏರುಪೇರು ಆಗುತ್ತದೆ. ಆದರೆ ಅಲ್ಲಿ ಘಾಟು ನಮ್ಮನ್ನು ಎಚ್ಚರಿಸುತ್ತಿತ್ತು. ಇಲ್ಲಿ ಮಾವಿನ ಹಣ್ಣಿನ ವಾಸನೆ ಬರುತ್ತದೆ. ಮೂಗು ಕಾವಲು ಬಿಟ್ಟುಬಿಡುತ್ತದೆ.

ಲೋಹವೂ ಇದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೇಪಿನ ಮೋಡದಲ್ಲಿ ಸೀಸ, ನಿಕ್ಕಲ್, ಕ್ರೋಮಿಯಂ ಸಿಕ್ಕವು. ಬಾಟಲಿಯ ದ್ರವಕ್ಕಿಂತ ಸುರುಳಿಗೆ ತಾಗಿದ ದ್ರವದಲ್ಲಿ ಅವು ಎಷ್ಟೋ ಹೆಚ್ಚಾಗಿದ್ದವು. ಅಂದರೆ ಕಾಯುವ ತಂತಿಯಿಂದಲೇ ಬರುತ್ತಿವೆ.

ಇಷ್ಟು ಸೇದುವವರ ವಿಷಯ. ನಾನು ಹೆಚ್ಚು ಹೇಳಬೇಕಿರುವುದು ಪಕ್ಕದಲ್ಲಿ ಇರುವವರ ಬಗ್ಗೆ.

ಮಾಮೂಲಿ ಸಿಗರೇಟಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅದನ್ನು ಮುಚ್ಚಿಟ್ಟು ಮಾತಾಡಿದರೆ ನೀವು ನನ್ನನ್ನು ನಂಬಬೇಕಾಗಿಲ್ಲ. ಸಿಗರೇಟು ಹಚ್ಚಿದ ಮೇಲೆ ಎಳೆದರೂ ಎಳೆಯದಿದ್ದರೂ ಉರಿಯುತ್ತಲೇ ಇರುತ್ತದೆ. ತುದಿಯಿಂದ ಏಳುವ ಹೊಗೆ ನೇರವಾಗಿ ಕೋಣೆಗೆ ಹೋಗುತ್ತದೆ. ವೇಪ್ ಹಾಗಲ್ಲ. ಎಳೆದಾಗ ಮಾತ್ರ ಕಾಯುತ್ತದೆ. ಕೋಣೆಗೆ ಬರುವುದು ಸೇದಿದವರು ಹೊರಗೆ ಬಿಟ್ಟ ಉಸಿರು ಮಾತ್ರ. ಜೊತೆಗೆ ಇಲ್ಲಿ ಸುಟ್ಟ ಎಲೆ ಇಲ್ಲ, ಹಾಗಾಗಿ ಕಾರ್ಬನ್ ಮಾನಾಕ್ಸೈಡ್ ಕೂಡ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಪಕ್ಕದವರಿಗೆ ಸಿಗರೇಟಿಗಿಂತ ವೇಪಿನಿಂದ ಬರುವ ಪಾಲು ಕಡಿಮೆಯೇ.

ಎಷ್ಟು ಕಡಿಮೆ? ಬಾರ್ಸಿಲೋನಾದಲ್ಲಿ ಮನೆಗಳೊಳಗಿನ ನಿಕೋಟಿನ್ ಅಳೆದು 2014ರಲ್ಲಿ ಪ್ರಕಟಿಸಿದರು. ಸಿಗರೇಟು ಸೇದುವವರ ಮನೆಯಲ್ಲಿ ಒಂದು ಘನ ಮೀಟರ್ ಗಾಳಿಗೆ 0.74 ಮೈಕ್ರೋಗ್ರಾಂ. ಇ-ಸಿಗರೇಟು ಸೇದುವವರ ಮನೆಯಲ್ಲಿ 0.13. ಯಾರೂ ಏನೂ ಸೇದದ ಮನೆಯಲ್ಲಿ 0.02. ಈ ಮೂರು ಅಂಕಿಗಳನ್ನು ಒಬ್ಬೊಬ್ಬರು ಒಂದೊಂದು ಥರ ಓದುತ್ತಾರೆ. ಮಾರುವವರು ಮೊದಲ ಎರಡನ್ನು ಪಕ್ಕಪಕ್ಕ ಇಟ್ಟು "ನೋಡಿ, ಐದನೇ ಒಂದು ಪಾಲಿಗಿಂತ ಕಡಿಮೆ" ಅನ್ನುತ್ತಾರೆ. ನಾನು ಕೊನೆಯ ಎರಡನ್ನು ಪಕ್ಕಪಕ್ಕ ಇಡುತ್ತೇನೆ. ಸೇದದ ಮನೆಗಿಂತ ಆರು ಪಟ್ಟು ಹೆಚ್ಚು. ಆ ಮನೆಯಲ್ಲಿರುವ ಮಗು ತನ್ನ ಗಾಳಿಯನ್ನು ಸಿಗರೇಟಿನ ಮನೆಯ ಜೊತೆ ಯಾಕೆ ಹೋಲಿಸಿಕೊಳ್ಳಬೇಕು? ಶುದ್ಧ ಗಾಳಿಯ ಜೊತೆ ಹೋಲಿಸಿಕೊಳ್ಳಬೇಕು, ಅಲ್ವಾ?

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2018ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ತೂಗಿ ದೊಡ್ಡ ವರದಿ ಕೊಟ್ಟವು. ಅದೂ ಎರಡೂ ಮಾತು ಹೇಳುತ್ತದೆ. ಇ-ಸಿಗರೇಟು ಸೇದಿದರೆ ಒಳಾಂಗಣದ ಗಾಳಿಯಲ್ಲಿ ಸೂಕ್ಷ್ಮ ಕಣ ಮತ್ತು ನಿಕೋಟಿನ್ ಹೆಚ್ಚುತ್ತದೆ ಎನ್ನುವುದಕ್ಕೆ ಅನುಮಾನಕ್ಕೆ ಎಡೆಯಿಲ್ಲದ ಪುರಾವೆ ಇದೆ. ಪಕ್ಕದವರಿಗೆ ತಾಗುವ ಪ್ರಮಾಣ ಸಿಗರೇಟಿಗಿಂತ ಕಡಿಮೆ ಎನ್ನುವುದಕ್ಕೂ ಸುಮಾರಾದ ಪುರಾವೆ ಇದೆ.

ಈಗ ಕಣಗಳ ಲೆಕ್ಕಕ್ಕೆ ಬರೋಣ. ಪಿಎಂ 2.5 ಎಂದರೆ 2.5 ಮೈಕ್ರಾನಿಗಿಂತ ಸಣ್ಣ ಕಣಗಳು. ಶ್ವಾಸಕೋಶದ ಆಳಕ್ಕೆ ಇಳಿಯುವಂಥವು. ಇವು 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 15 ಮೈಕ್ರೋಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಾನದಂಡ 60.

ಒಂದು ಪಿಜಿ ಕೋಣೆ ತೆಗೆದುಕೊಳ್ಳಿ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರ. ಅಂದರೆ ಸುಮಾರು 28 ಘನ ಮೀಟರ್ ಗಾಳಿ. ಒಂದು ದಮ್ಮಿಗೆ ಐದು ಮಿಲಿಗ್ರಾಂ ದ್ರವ ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಬಹುಪಾಲು ಸೇದಿದವರ ಮೈಯಲ್ಲೇ ಉಳಿಯುತ್ತದೆ. ಹತ್ತನೇ ಒಂದು ಪಾಲು, ಅಂದರೆ ಅರ್ಧ ಮಿಲಿಗ್ರಾಂ ಹೊರಗೆ ಬಂತು ಎನ್ನೋಣ. ಅರ್ಧ ಮಿಲಿಗ್ರಾಂ ಎಂದರೆ 500 ಮೈಕ್ರೋಗ್ರಾಂ. 28ರಿಂದ ಭಾಗಿಸಿ. ಸುಮಾರು 18. ಒಂದೇ ಒಂದು ದಮ್ಮಿಗೆ, ಇಡೀ ಕೋಣೆಯ ಪ್ರತಿ ಘನ ಮೀಟರಿಗೂ 18 ಮೈಕ್ರೋಗ್ರಾಂ. ದೊಡ್ಡ ಮೋಡ ಬಿಡುವುದೇ ಖುಷಿ ಎನ್ನುವವರು ಇದರ ಎಷ್ಟೋ ಪಟ್ಟು ಬಿಡುತ್ತಾರೆ. ರಾತ್ರಿ ಮೊಬೈಲ್ ನೋಡುತ್ತಾ ಒಬ್ಬ ಎಷ್ಟು ದಮ್ ಎಳೆಯುತ್ತಾನೆ? ಸಿಗರೇಟಿಗೆ ಕೊನೆ ಇದೆ, ಸೇದಿ ಮುಗಿಯುತ್ತದೆ. ಇದಕ್ಕೆ ಅಂಥ ಕೊನೆ ಇಲ್ಲ.

ರಸಾಯನ ಓದುತ್ತಿರುವ ಮಕ್ಕಳು ಇಲ್ಲಿ ಒಂದು ಆಕ್ಷೇಪ ಎತ್ತಬಹುದು, ಎತ್ತಬೇಕು. ಈ ಹನಿಗಳು ಸಿಗರೇಟಿನ ಹೊಗೆಯ ಕಣದಂತೆ ಗಂಟೆಗಟ್ಟಲೆ ತೇಲುವುದಿಲ್ಲ. ಬೇಗ ಆವಿಯಾಗಿ ಹೋಗುತ್ತವೆ. ಸೇದುವಾಗ ಮೀಟರಿನ ಅಂಕಿ ಜಿಗಿಯುತ್ತದೆ, ನಿಲ್ಲಿಸಿದರೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಇದು ಸರಿ. 24 ಗಂಟೆಯ ಸರಾಸರಿಯನ್ನು ಒಂದು ಗಳಿಗೆಯ ಅಂಕಿಯ ಪಕ್ಕ ಇಟ್ಟು ಹೆದರಿಸಬಾರದು ಎನ್ನುವುದೂ ಸರಿ. ಆದರೆ ಹನಿ ಆವಿಯಾದರೆ ಅದರಲ್ಲಿದ್ದದ್ದು ಎಲ್ಲಿಗೆ ಹೋಯಿತು? ಕೋಣೆಯಿಂದ ಆಚೆಗಂತೂ ಹೋಗಿಲ್ಲ. ಕಣದ ಮೀಟರಿಗೆ ಕಾಣದ ಅನಿಲವಾಗಿ ಅಲ್ಲೇ ಇದೆ. ಕಿಟಕಿ ಮುಚ್ಚಿದ್ದರೆ ಅದು ಹೋಗಲು ಇರುವ ಜಾಗ ಎರಡೇ: ಒಳಗಿರುವವರ ಶ್ವಾಸಕೋಶ, ಇಲ್ಲವೇ ಗೋಡೆ, ಪರದೆ, ಹಾಸಿಗೆ.

ಜರ್ಮನಿಯ ಮ್ಯೂನಿಕ್‌ನಲ್ಲಿ ಇದನ್ನು ಅಳೆದು ನೋಡಿದ್ದಾರೆ. 2014ರಲ್ಲಿ ಪ್ರಕಟವಾದ ಅಧ್ಯಯನ. ಕೋಣೆ ಚಿಕ್ಕದಲ್ಲ, 45 ಘನ ಮೀಟರ್. ಗಾಳಿ ಚೆನ್ನಾಗಿ ಆಡುತ್ತಿತ್ತು. ಸ್ವಯಂಸೇವಕರು ಎರಡೆರಡು ಗಂಟೆ ಕೂತು ಇ-ಸಿಗರೇಟು ಸೇದಿದರು. ಪಿಎಂ 2.5 ಸರಾಸರಿ 197 ಮೈಕ್ರೋಗ್ರಾಂಗೆ ಏರಿತು. ಗಾಳಿಯಲ್ಲಿ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್ ಹೆಚ್ಚಾದವು. ಅಲ್ಯೂಮಿನಿಯಂ ಕೂಡ ಹೆಚ್ಚಾಯಿತು. ಗಾಳಿಯಾಡುವ ಕೋಣೆಯಲ್ಲೇ ಇಷ್ಟು.

ನಮ್ಮ ಕೋಣೆಗಳು ಹೇಗಿವೆ ಹೇಳಿ. ಹಳೆಯ ಹೆಂಚಿನ ಮನೆಯಲ್ಲಿ ಗಾಳಿ ಎಲ್ಲಿಂದಾದರೂ ಬರುತ್ತಿತ್ತು, ಎಲ್ಲಿಂದಾದರೂ ಹೋಗುತ್ತಿತ್ತು. ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿ ಇರುತ್ತಿತ್ತು. ಈಗ ಆರ್‌ಸಿಸಿ ಮನೆ, ಜಾರುವ ಅಲ್ಯೂಮಿನಿಯಂ ಕಿಟಕಿ, ಅದರ ಮೇಲೆ ಸೊಳ್ಳೆ ಪರದೆ, ಅದರ ಮುಂದೆ ದಪ್ಪ ಕರ್ಟನ್. ಡಿಸೆಂಬರಿನಲ್ಲಿ ನಂದಿ ಬೆಟ್ಟದ ಕಡೆಯಿಂದ ಚಳಿ ಇಳಿದರೆ ಸಂಜೆ ಏಳಕ್ಕೇ ಎಲ್ಲ ಬಂದ್. ಬೆಳಗ್ಗೆವರೆಗೆ ಅದೇ ಗಾಳಿ. ಮೂರು ಮಂಚದ ಕೋಣೆಯಲ್ಲಿ ಒಬ್ಬ ಸೇದಿದರೆ ಉಳಿದಿಬ್ಬರು ರಾತ್ರಿಯಿಡೀ ಅದನ್ನು ಹಂಚಿಕೊಳ್ಳುತ್ತಾರೆ. ಅವರನ್ನು ಯಾರೂ ಕೇಳಿರುವುದಿಲ್ಲ.

ಎಸಿ ಇದೆಯಲ್ಲ ಅನ್ನುತ್ತಾರೆ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ: ಮನೆಗಳಲ್ಲಿ ಹಾಕುವ ಮಾಮೂಲಿ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ವಾಪಸ್ ಬಿಡುತ್ತದೆ. ಫ್ಯಾನ್ ಕೂಡ ಕಲಸುತ್ತದೆ ಅಷ್ಟೆ, ಹೊರಗೆ ಹಾಕುವುದಿಲ್ಲ. ಕಾರಿನಲ್ಲಂತೂ ಇನ್ನೂ ಕಷ್ಟ. ಒಳಗಿನ ಜಾಗವೇ ಮೂರ್ನಾಲ್ಕು ಘನ ಮೀಟರ್. ಬೆಂಗಳೂರಿನಿಂದ ಭಾನುವಾರ ಬೆಳಗಿನ ಜಾವ ನಂದಿಗೆ ಹತ್ತುವ ಕಾರುಗಳಲ್ಲಿ ಗಾಜು ಏರಿಸಿಕೊಂಡು, ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿಕೊಂಡು ಸೇದಿದರೆ ಹಿಂದಿನ ಸೀಟಿನವರ ಗತಿ ಏನು ಅಂತ ನೀವೇ ಲೆಕ್ಕ ಹಾಕಿ.

ನನಗೆ ಹೆಚ್ಚು ಚಿಂತೆ ತರುವುದು ಇನ್ನೊಂದು ಸಂಗತಿ. ಸಿಗರೇಟು ಸೇದುವವನು ಕೊನೆಗೆ ಹೊರಗೆ ಹೋಗುತ್ತಾನೆ. ಮಹಡಿಗೆ, ಅಂಗಡಿಯ ಹಿಂದಕ್ಕೆ, ರಸ್ತೆಗೆ. ವಾಸನೆ ಅವನನ್ನು ಹೊರಗೆ ತಳ್ಳುತ್ತದೆ. ವೇಪ್ ಸೇದುವವನನ್ನು ಎಲ್ಲವೂ ಒಳಗೆ ತಳ್ಳುತ್ತದೆ. ವಾಸನೆ ಬೇಗ ಹೋಗುತ್ತದೆ. ಬೂದಿ ಇಲ್ಲ, ತುಂಡು ಇಲ್ಲ, ಬೆಂಕಿಕಡ್ಡಿ ಇಲ್ಲ. ಮಾರುವುದೇ ಕಾನೂನಿಗೆ ವಿರುದ್ಧವಾದ್ದರಿಂದ ಬಯಲಲ್ಲಿ ಸೇದಲು ಅಂಜಿಕೆ. ಹಾಗಾಗಿ ಬಾತ್‌ರೂಮ್, ಹಾಸಿಗೆ, ರಗ್ಗಿನ ಒಳಗೆ. ಇರುವ ಕೋಣೆಗಳಲ್ಲೇ ಅತಿ ಚಿಕ್ಕದು, ಅತಿ ಮುಚ್ಚಿದ್ದು ಯಾವುದೋ ಅಲ್ಲೇ ಇದು ಬಳಕೆಯಾಗುತ್ತದೆ. ಒಂದು ದಮ್ಮಿಗೆ ಕಡಿಮೆ ಎನ್ನುವ ಲಾಭ ಇಲ್ಲೇ ಕರಗಿಹೋಗುತ್ತದೆ.

ಕಾನೂನಿನ ವಿಷಯ ಬೇಗ ಹೇಳಿ ಮುಂದೆ ಹೋಗುತ್ತೇನೆ. ನಮ್ಮ ರಾಜ್ಯ 2016ರಲ್ಲೇ ಇ-ಸಿಗರೇಟು ಮಾರಾಟ ನಿಷೇಧಿಸಿತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು, ಡಿಸೆಂಬರಿನಲ್ಲಿ ಅದು ಕಾಯ್ದೆಯಾಯಿತು. ತಯಾರಿ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿದರೆ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟುಕೊಳ್ಳುವುದೂ ಅಪರಾಧವೇ. ಇಷ್ಟಿದ್ದರೂ ಹುಡುಗರ ಕೈಗೆ ಸಿಗುತ್ತಿದೆ ಎನ್ನುವುದು ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. ಕಾನೂನು ಅಂಗಡಿಯ ಬಾಗಿಲಿನವರೆಗೆ ಬರಬಹುದು. ಮಲಗುವ ಕೋಣೆಯ ಗಾಳಿಯನ್ನು ನಾವೇ ನೋಡಿಕೊಳ್ಳಬೇಕು.

ಇನ್ನು ಗೋಡೆ, ಹಾಸಿಗೆಯ ಮಾತು. ಇದನ್ನು ನಮ್ಮಲ್ಲಿ ಯಾರೂ ಹೆಚ್ಚು ಹೇಳುವುದಿಲ್ಲ. ಆದರೆ ಹೋಂಸ್ಟೇ ನಡೆಸುವವರಿಗೆ ಇದೇ ಮುಖ್ಯ.

ನಿಕೋಟಿನ್ ಅಂಟುವ ಜಾತಿಯದು. ಗಾಳಿಯಲ್ಲಿ ಇದ್ದದ್ದು ಗಾಜಿಗೆ, ನೆಲಕ್ಕೆ, ಬಟ್ಟೆಗೆ ಅಂಟಿಕೊಳ್ಳುತ್ತದೆ. ವೇಪಿನ ಆವಿ ಬಿಟ್ಟು ಪರೀಕ್ಷೆ ಮಾಡಿದಾಗ ನೆಲ ಮತ್ತು ಕಿಟಕಿ ಗಾಜಿನ ಮೇಲೆ ಹೆಚ್ಚು ಕಂಡುಬಂದಿದೆ. ಅಂಬೆಗಾಲಿಡುವ ಮಗು ಇರುವುದು ನೆಲದ ಮೇಲೆ. ಕೈ ಹೋಗುವುದು ಬಾಯಿಗೆ. ಅಂಟಿದ ನಿಕೋಟಿನ್ ಸುಮ್ನೆ ಕೂರುವುದೂ ಇಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 2010ರಲ್ಲಿ ತೋರಿಸಿದ್ದು ಏನೆಂದರೆ, ಮೇಲ್ಮೈಗೆ ಅಂಟಿದ ನಿಕೋಟಿನ್ ಗಾಳಿಯಲ್ಲಿರುವ ನೈಟ್ರಸ್ ಆಮ್ಲದ ಜೊತೆ ಸೇರಿ ನೈಟ್ರೋಸಮೈನ್‌ಗಳಾಗುತ್ತದೆ. ಇವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಈ ನೈಟ್ರಸ್ ಆಮ್ಲ ಮನೆಯೊಳಗೆ ಎಲ್ಲಿಂದ ಬರುತ್ತದೆ? ಮುಖ್ಯವಾಗಿ ಗ್ಯಾಸ್ ಒಲೆಯಂಥ ಉರಿಯಿಂದ. ಅಡುಗೆಮನೆಯ ಪಕ್ಕದಲ್ಲೇ ಮಲಗುವ ಕೋಣೆ ಇರುವ ಸಣ್ಣ ಮನೆಗಳಲ್ಲಿ ಇವೆರಡೂ ಸೇರುವ ಅವಕಾಶ ಜಾಸ್ತಿ. ಆ ಪ್ರಯೋಗ ಸಿಗರೇಟಿನ ನಿಕೋಟಿನ್ ಮನಸ್ಸಿನಲ್ಲಿಟ್ಟು ಮಾಡಿದ್ದು. ಆದರೆ ನಿಕೋಟಿನ್ ಎಲ್ಲಿಂದ ಬಂದರೂ ಅದರ ರಸಾಯನ ಒಂದೇ.

ಆದ್ದರಿಂದ ಅತಿಥಿ ಹೋದ ಮೇಲೆ ರೂಮ್ ಫ್ರೆಶ್ನರ್ ಹೊಡೆದು ಮುಗಿಸಬೇಡಿ. ಅದು ವಾಸನೆಯನ್ನು ಮುಚ್ಚುತ್ತದೆ, ಗಾಳಿಗೆ ಇನ್ನಷ್ಟು ರಾಸಾಯನಿಕ ಸೇರಿಸುತ್ತದೆ. ನಿಂಬೆ, ಕಿತ್ತಳೆ ವಾಸನೆಯ ಸ್ಪ್ರೇಗಳಲ್ಲಿರುವ ಲಿಮೊನೀನ್ ಗಾಳಿಯ ಓಝೋನ್ ಜೊತೆ ಸೇರಿ ಮತ್ತೆ ಫಾರ್ಮಾಲ್ಡಿಹೈಡನ್ನೇ ಹುಟ್ಟಿಸುತ್ತದೆ. ಎದುರುಬದುರು ಕಿಟಕಿ ಬಾಗಿಲು ತೆರೆಯಿರಿ. ಹಾಸು, ದಿಂಬಿನ ಕವರ್, ಪರದೆ ಒಗೆಯಿರಿ. ನೆಲ, ಗಾಜು, ಟೇಬಲ್ ಸೋಪಿನ ನೀರಿನಲ್ಲಿ ಒರೆಸಿ. ಸಾಮಾನ್ಯವಾದ ಕೆಲಸಗಳೇ. ಆದರೆ ಕೆಲಸ ಮಾಡುವುದು ಇವೇ.

ಆರೋಗ್ಯದ ಮೇಲೆ ಪಕ್ಕದವರಿಗೆ ಏನಾಗುತ್ತದೆ? ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸುಮಾರು ಎರಡು ಸಾವಿರ ಯುವಜನರನ್ನು 2014ರಿಂದ 2019ರವರೆಗೆ ಗಮನಿಸಿದ ಅಧ್ಯಯನ 2022ರಲ್ಲಿ ಬಂತು. ಮನೆಯಲ್ಲಿ ಬೇರೆಯವರು ನಿಕೋಟಿನ್ ವೇಪ್ ಸೇದುತ್ತಿದ್ದರೆ, ಕೆಮ್ಮು ಕಫದಂಥ ತೊಂದರೆ, ಉಸಿರು ಕಟ್ಟುವ ತೊಂದರೆ ಹೆಚ್ಚಾಗಿ ಕಂಡಿತು. ಅವರೇ ಹೇಳಿದ ಲಕ್ಷಣಗಳ ಮೇಲೆ ಮಾಡಿದ ಲೆಕ್ಕ ಇದು. ಇದೊಂದರಿಂದಲೇ ಕಾರಣ ಸಾಬೀತಾಯಿತು ಎನ್ನಲಾಗದು. ಆದರೆ ಇಷ್ಟು ಕಂಡ ಮೇಲೂ, ಆಸ್ತಮಾ ಇರುವ ರೂಮ್‌ಮೇಟ್ ಪಕ್ಕದಲ್ಲಿ ಕೂತು "ಏನೂ ಆಗಲ್ಲ ಬಿಡೋ" ಅನ್ನುವ ಹಕ್ಕು ಯಾರಿಗೂ ಇಲ್ಲ ಎಂದು ನಾನು ನಂಬುತ್ತೇನೆ.

ಇನ್ನು ನೀವು ಕೇಳಿದ ಪ್ರಶ್ನೆಗಳು.

ಪಿಯುಸಿ ಓದುವ ಒಬ್ಬ ಹುಡುಗಿ ಕೇಳಿದಳು: "ಸಾರ್, ವೇಪ್ ಬಗ್ಗೆ ಇಷ್ಟು ಹೇಳಿದಿರಿ. ನಮ್ಮ ಮನೆಯಲ್ಲಿ ದಿನಾ ರಾತ್ರಿ ಸೊಳ್ಳೆ ಬತ್ತಿ ಹಚ್ಚುತ್ತಾರೆ. ಅದು?" ಈ ಸಭೆಯಲ್ಲಿ ಬಂದ ಅತಿ ಒಳ್ಳೆಯ ಪ್ರಶ್ನೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ ಬರುವ ಪಿಎಂ 2.5, 75ರಿಂದ 137 ಸಿಗರೇಟಿಗೆ ಸಮ ಎಂದು ಕಂಡುಬಂತು. ಹುಳುಮನೆಯಲ್ಲಿ ಹಚ್ಚದ ಬತ್ತಿಯನ್ನು ತೊಟ್ಟಿಲ ಕೆಳಗೆ ಹಚ್ಚುತ್ತೇವೆ. ಊದುಬತ್ತಿಯ ಹೊಗೆಯೂ ಹೊಗೆಯೇ. ಪೂಜೆ ಬಿಡಿ ಅಂತ ನಾನು ಹೇಳುತ್ತಿಲ್ಲಮ್ಮ. ಕಿಟಕಿ ತೆಗೆದು ಹಚ್ಚಿ, ಒಂದು ಸಾಕು. ಸೊಳ್ಳೆಗೆ ಪರದೆ ಕಟ್ಟಿ. ಸೌದೆ ಒಲೆ ಇರುವ ಮನೆಯಲ್ಲಿ ಅದರ ಮುಂದೆ ವೇಪ್ ಸಣ್ಣದು, ಅದನ್ನೂ ಒಪ್ಪುತ್ತೇನೆ. ಆದರೆ ಒಲೆ ಅನ್ನಕ್ಕಾಗಿ ಉರಿಯುತ್ತದೆ. ಬೇಡದ ಒಂದು ಹೊರೆಯನ್ನು ಹೊಸದಾಗಿ ಯಾಕೆ ಸೇರಿಸಬೇಕು?

ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಏರ್ ಪ್ಯೂರಿಫೈಯರ್ ಇಟ್ಟರೆ ಸಾಕಾಗುತ್ತಾ ಎಂದು ಕೇಳಿದ. ಹೆಪಾ ಫಿಲ್ಟರ್ ಕಣವನ್ನು ಹಿಡಿಯುತ್ತದೆ. ಅನಿಲವನ್ನು ಹಿಡಿಯುವುದಿಲ್ಲ. ಸಿಕ್ಕ ಹನಿಯೂ ಫಿಲ್ಟರಿನಲ್ಲೇ ಆವಿಯಾಗಿ ಮತ್ತೆ ಕೋಣೆಗೆ ಬರಬಹುದು. ಇದ್ದಿಲಿನ ಪದರ ಇದ್ದರೆ ಅನಿಲ ಸ್ವಲ್ಪ ಕಡಿಮೆಯಾಗುತ್ತದೆ, ಅದೂ ತುಂಬುವವರೆಗೆ. ಅಷ್ಟು ದುಡ್ಡು ಹಾಕುವ ಬದಲು ಒಳಗೆ ಸೇದದಿದ್ದರೆ ಖರ್ಚೇ ಇಲ್ಲ.

ನಿಕೋಟಿನ್ ಇಲ್ಲದ ದ್ರವ ಸೇದಿದರೆ ಪಕ್ಕದವರಿಗೆ ತೊಂದರೆ ಇಲ್ಲವಲ್ಲ ಎಂದು ಅವನ ಗೆಳೆಯ ಕೇಳಿದ. ಗ್ಲಿಸರಿನ್ ಒಡೆಯುವುದಕ್ಕೆ ನಿಕೋಟಿನ್ ಬೇಕಾಗಿಲ್ಲಪ್ಪ. ಕಣ, ಆಲ್ಡಿಹೈಡ್, ಲೋಹ, ಫ್ಲೇವರ್ ಎಲ್ಲವೂ ಹಾಗೇ ಇರುತ್ತವೆ. ಹಾರ್ವರ್ಡ್‌ನವರು 2015ರಲ್ಲಿ 51 ಫ್ಲೇವರುಗಳನ್ನು ಪರೀಕ್ಷಿಸಿದಾಗ 39ರಲ್ಲಿ ಡೈಅಸಿಟೈಲ್ ಸಿಕ್ಕಿತು. ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರ ಶ್ವಾಸಕೋಶ ಕೆಡಿಸಿದ್ದಕ್ಕೆ ಹೆಸರಾದ ಬೆಣ್ಣೆ ವಾಸನೆಯ ರಾಸಾಯನಿಕ ಅದು. ಜೊತೆಗೆ ಕದ್ದು ಮಾರುವ ಮಾಲಿನ ಚೀಟಿಯಲ್ಲಿ ನಿಕೋಟಿನ್ ಇಲ್ಲ ಎಂದು ಬರೆದಿದ್ದರೆ ಅದನ್ನು ಪರೀಕ್ಷಿಸಿದವರು ಯಾರು?

ಪಿಜಿ ನಡೆಸುವ ಒಬ್ಬರು, ತಪಾಸಣೆ ಮಾಡಿ ಹೊರಗೆ ಹಾಕಿಬಿಡಲೇ ಎಂದು ಕೇಳಿದರು. ಹಾಕಿದರೆ ಅವನು ಇನ್ನೊಂದು ಪಿಜಿಗೆ ಹೋಗಿ ಇನ್ನೂ ಗುಟ್ಟಾಗಿ ಸೇದುತ್ತಾನೆ ಅಣ್ಣ. ಮೊದಲು ಕೋಣೆಗೆ ಗಾಳಿ ಕೊಡಿ. ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ರಿಪೇರಿ ಮಾಡಿಸಿ, ತೆರೆಯಲಾಗದ ಕಿಟಕಿಯನ್ನು ತೆರೆಯುವಂತೆ ಮಾಡಿ. ಒಳಗೆ ಸಿಗರೇಟೂ ಇಲ್ಲ, ವೇಪೂ ಇಲ್ಲ ಎನ್ನುವ ನಿಯಮವನ್ನು ಸೇರುವಾಗಲೇ ಬರೆದು ಕೊಡಿ. ಜೊತೆಯಲ್ಲಿರುವ ಹುಡುಗರಿಗೆ ದೂರು ಹೇಳಲು ದಾರಿ ಮಾಡಿ, ಅವರ ಹೆಸರು ಹೊರಗೆ ಬರದಂತೆ ನೋಡಿಕೊಳ್ಳಿ. ಕೋಣೆ ಬದಲಿಸಿ ಎಂದು ಕೇಳುವ ಹುಡುಗ ಸುಮ್ನೆ ಕೇಳುತ್ತಿರುವುದಿಲ್ಲ.

ಕೊನೆಗೆ ಗೌರಿಬಿದನೂರಿನಿಂದ ಬಂದ ಒಬ್ಬ ತಾಯಿ, ಮಗನ ಬ್ಯಾಗಿನಲ್ಲಿ ಸಿಕ್ಕಿದೆ, ಏನು ಮಾಡಲಿ ಎಂದು ಕೇಳಿದರು. ಎಲ್ಲರ ಮುಂದೆ ಕೇಳಲು ಧೈರ್ಯ ಬೇಕು. ಅಮ್ಮಾ, ಮೊದಲು ಒಂದು ಕೆಲಸ. ದ್ರವದ ಬಾಟಲಿ ಇದ್ದರೆ ಚಿಕ್ಕ ಮಕ್ಕಳಿಗೆ ಎಟುಕದ ಹಾಗೆ ಎತ್ತಿಡಿ. ನಿಕೋಟಿನ್ ಗಟ್ಟಿಯಾಗಿರುವ ದ್ರವ ಸ್ವಲ್ಪ ಬಾಯಿಗೆ ಹೋದರೂ ಮಗುವಿಗೆ ಅಪಾಯ. ಚರ್ಮದ ಮೂಲಕವೂ ಅದು ಒಳಗೆ ಹೋಗುತ್ತದೆ, ಕೈಗೆ ತಾಗಿದರೆ ತೊಳೆದುಕೊಳ್ಳಿ. ಆಮೇಲೆ ಮಗನ ಜೊತೆ ಕೂತು ಮಾತಾಡಿ. ಬೈದರೆ ಅವನು ಬಾತ್‌ರೂಮಿನ ಬಾಗಿಲು ಹಾಕಿಕೊಳ್ಳುತ್ತಾನೆ, ಗಾಳಿ ಇನ್ನಷ್ಟು ಕೆಡುತ್ತದೆ. ನಿಕೋಟಿನ್ ಹಿಡಿದ ಮೇಲೆ ಬರೀ ಮನಸ್ಸು ಗಟ್ಟಿ ಮಾಡಿದರೆ ಎಲ್ಲರಿಗೂ ಬಿಡಲಾಗುವುದಿಲ್ಲ, ಸಹಾಯ ಬೇಕು. 1800 112 356 ಎಂಬ, ತಂಬಾಕು ಬಿಡಲು ಫೋನಿನಲ್ಲಿ ನೆರವಾಗುವ ರಾಷ್ಟ್ರೀಯ ಕ್ವಿಟ್‌ಲೈನ್ ಇದೆ, ದುಡ್ಡು ಬೀಳುವುದಿಲ್ಲ. ನಮ್ಮ ಕಡೆಯ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್‌ನವರು ನೋಡಿಕೊಳ್ಳುತ್ತಾರೆ. ಕನ್ನಡದಲ್ಲೂ ಮಾತಾಡಬಹುದು, ತೆಲುಗಿನಲ್ಲೂ ಮಾತಾಡಬಹುದು. ಮಗ ಮಾಡದಿದ್ದರೆ ನೀವೇ ಮೊದಲು ಕರೆ ಮಾಡಿ ಅವರು ಏನು ಹೇಳುತ್ತಾರೆ ಕೇಳಿ. ಅವನಿಗೆ ಬಿಡಲು ಕೆಲವು ತಿಂಗಳು ಹಿಡಿದರೂ ಹಿಡಿಯಲಿ. ತಂಗಿ ಮಲಗುವ ಕೋಣೆಯಲ್ಲಿ ಸೇದುವುದಿಲ್ಲ ಎನ್ನುವ ಮಾತನ್ನು ಮಾತ್ರ ಅವನಿಂದ ಇವತ್ತೇ ತೆಗೆದುಕೊಳ್ಳಿ.